ಲಾಕ್ ಆಗಿರುವ ಆಫೀಸ್ ಫೋನ್‌ಗಳು: ಯಾವುದನ್ನು ತಗೋಬಹುದು, ಯಾವುದನ್ನು ಅಲ್ಲೇ ಬಿಡಬೇಕು

ಬೆಂಗಳೂರಿನ ಆಫೀಸ್‌ಗಳು ಜಾಗ ಖಾಲಿ ಮಾಡಿದಾಗ ಟೇಬಲ್, ಕುರ್ಚಿಗಳ ಜೊತೆ ಡೆಸ್ಕ್ ಫೋನ್‌ಗಳೂ ರಾಶಿಗಟ್ಟಲೆ ಹೊರಗೆ ಬರುತ್ತವೆ. ಎಸ್.ಪಿ. ರಸ್ತೆಯಲ್ಲಿ ಲಾಟ್ ಲೆಕ್ಕದಲ್ಲಿ ಸಿಗುತ್ತವೆ. ತುಮಕೂರಿನಿಂದ ಬೆಳಿಗ್ಗೆ ಹೋಗಿ ಸಂಜೆ ತರುವಷ್ಟು ಹತ್ತಿರ. ನಮ್ಮ ಕಡೆ ಶಾಲೆ, ನರ್ಸಿಂಗ್ ಹೋಮ್, ಅಕ್ಕಿ ಗಿರಣಿ, ಆಡಿಟರ್ ಆಫೀಸ್ ಇಂಥ ಕಡೆ ಹಳೇ ಇಂಟರ್‌ಕಾಮ್ ತೆಗೆದು ಕಂಪ್ಯೂಟರನ್ನೇ ಫೋನ್ ಎಕ್ಸ್‌ಚೇಂಜ್ ಮಾಡುವ ಆಸ್ಟರಿಸ್ಕ್ ಅಥವಾ ಫ್ರೀಪಿಬಿಎಕ್ಸ್ ಸಾಫ್ಟ್‌ವೇರ್ ಹಾಕಿಸುವವರು ಇದ್ದಾರೆ. ಸಾಫ್ಟ್‌ವೇರ್ ಪುಕ್ಕಟೆ, ಹಳೇ ಕಂಪ್ಯೂಟರ್ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಹಾಗಾಗಿ ಖರ್ಚೆಲ್ಲ ಫೋನ್‌ಗಳದ್ದೇ. ಸೆಕೆಂಡ್ ಹ್ಯಾಂಡ್ ಫೋನ್ ನೋಡಿದ ತಕ್ಷಣ ಆಸೆ ಆಗುವುದು ಸಹಜ ಅಲ್ವಾ?

ಆದರೆ ಈ ಫೋನ್‌ಗಳಲ್ಲಿ ಬಹಳಷ್ಟು ಯಾವುದೋ ಒಂದು ಫೋನ್ ಸೇವೆಯ ಕಂಪನಿಗೆ ಕಟ್ಟಿಹಾಕಿದವು. ಅಂಗಡಿಯವರು "ರೀಸೆಟ್ ಮಾಡಿದ್ರೆ ಆಯ್ತು ಸಾರ್" ಅನ್ನುತ್ತಾರೆ. ಕೆಲವಕ್ಕೆ ನಿಜ, ಕೆಲವಕ್ಕೆ ಅಲ್ಲವೇ ಅಲ್ಲ. ಬೆಲೆ, ಬಣ್ಣದ ಪರದೆ, ಬಟನ್ ಎಷ್ಟು ಅನ್ನುವುದನ್ನೆಲ್ಲ ಆಮೇಲೆ ನೋಡಿ. ಮೊದಲು ಕೇಳಬೇಕಾದ್ದು ಒಂದೇ: ಈ ಫೋನ್ ಆನ್ ಆದ ಕೂಡಲೇ ಯಾರನ್ನು ಹುಡುಕಿಕೊಂಡು ಹೋಗುತ್ತದೆ, ಆ ಬೀಗದ ಕೈ ಯಾರ ಹತ್ತಿರ ಇದೆ?

ಲಾಕ್ ಎಲ್ಲವೂ ಒಂದೇ ಅಲ್ಲ

ಒಂದು ಬಗೆಯ ಲಾಕ್ ಬರೀ ಪಾಸ್‌ವರ್ಡ್. ಹಳೇ ಆಫೀಸಿನ ಅಡ್ಮಿನ್ ಹಾಕಿದ ಪಾಸ್‌ವರ್ಡ್, ಹಳೇ ಸೆಟ್ಟಿಂಗ್ ಹಾಗೇ ಉಳಿದಿರುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಮುಗಿಯಿತು. ಇದಕ್ಕೆ ಹೆದರಬೇಕಾಗಿಲ್ಲ.

ಇನ್ನೊಂದು ಬಗೆಯದ್ದು ಫೋನ್ ಒಳಗೆ ಇರುವುದೇ ಇಲ್ಲ. ಫೋನಿನ ಮ್ಯಾಕ್ ವಿಳಾಸವನ್ನು (ಪ್ರತಿ ಯಂತ್ರಕ್ಕೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆ) ಸೇವೆಯ ಕಂಪನಿಯವರು ತಯಾರಕರ ಸರ್ವರ್‌ನಲ್ಲಿ ನೋಂದಾಯಿಸಿರುತ್ತಾರೆ. ಯಿಯಾಲಿಂಕ್‌ನಲ್ಲಿ ಇದಕ್ಕೆ ಆರ್‌ಪಿಎಸ್, ಪಾಲಿಕಾಮ್‌ನಲ್ಲಿ ಝಡ್‌ಟಿಪಿ, ಗ್ರ್ಯಾಂಡ್‌ಸ್ಟ್ರೀಮ್‌ನಲ್ಲಿ ಜಿಡಿಎಂಎಸ್. ರೀಸೆಟ್ ಮಾಡಿ ಇಂಟರ್ನೆಟ್ ಕೊಟ್ಟ ತಕ್ಷಣ ಫೋನ್ ತಯಾರಕರನ್ನು ಕೇಳುತ್ತದೆ, ಅವರು ಹಳೇ ಕಂಪನಿಯ ಸರ್ವರ್ ಕಡೆ ತೋರಿಸುತ್ತಾರೆ, ಅಲ್ಲಿಂದ ಹಳೇ ಸೆಟ್ಟಿಂಗ್, ಹಳೇ ಪಾಸ್‌ವರ್ಡ್ ಎಲ್ಲ ವಾಪಸ್ ಬಂದು ಕೂರುತ್ತದೆ. ರೀಸೆಟ್ ಮಾಡಿದ್ದು ನೀರಲ್ಲಿ ಹೋಮ. ಬೇಕಾದರೆ ಹತ್ತು ಸಲ ಮಾಡಿ, ಹತ್ತು ಸಲವೂ ಹೀಗೇ ಆಗುತ್ತದೆ.

ಮೂರನೆಯದು ಭಾಷೆಯ ಲಾಕ್. ಆಸ್ಟರಿಸ್ಕ್ ಜೊತೆ ಮಾತಾಡಲು ಫೋನಿಗೆ ಎಸ್‌ಐಪಿ ಅನ್ನುವ ಭಾಷೆ ಬರಬೇಕು. 2002ರಲ್ಲಿ ಈಗಿನ ರೂಪಕ್ಕೆ ಬಂದ ಈ ನಿಯಮಾವಳಿ ಎಲ್ಲರಿಗೂ ತೆರೆದದ್ದು. ಆದರೆ ಸಿಸ್ಕೋದವರದ್ದು ಎಸ್‌ಸಿಸಿಪಿ, ಮೈಟೆಲ್‌ನವರದ್ದು ಮೈನೆಟ್, ನಾರ್ಟೆಲ್‌ನವರದ್ದು ಯೂನಿಸ್ಟಿಮ್ ಅಂತ ಒಬ್ಬೊಬ್ಬರದು ಒಂದೊಂದು ಸ್ವಂತ ಭಾಷೆ. ಅವಾಯಾದ ಹಲವು ಫೋನ್‌ಗಳಲ್ಲಿ ಎಚ್.323 ಅನ್ನುವ ಇನ್ನೊಂದು ಭಾಷೆ ಇರುತ್ತದೆ. ಇಂಥ ಕಡೆ ಫರ್ಮ್‌ವೇರ್, ಅಂದರೆ ಫೋನ್ ಒಳಗಿನ ಸಾಫ್ಟ್‌ವೇರ್, ಬದಲಾಯಿಸಬೇಕು. ಅದಕ್ಕೆ ಫೈಲ್ ಬೇಕು, ಕೆಲವೊಮ್ಮೆ ಲೈಸೆನ್ಸ್ ಬೇಕು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೆಲವು ಫೋನ್‌ಗಳು ಬಾಡಿಗೆಗೆ ಕೊಟ್ಟವು, ಸೇವೆಯ ಕಂಪನಿಗೆ ವಾಪಸ್ ಹೋಗಬೇಕಾದವು. ಅಂಥವನ್ನು ಬಿಚ್ಚುವ ಗೋಜಿಗೆ ಹೋಗಬೇಡಿ. ಬಿಲ್ ಕೇಳಿ. ಬಿಲ್ ಇದ್ದರೆ ಮುಂದೆ ಮ್ಯಾಕ್ ವಿಳಾಸ ಬಿಡಿಸಿಕೊಳ್ಳಲು ಕೂಡ ಅದೇ ಆಧಾರ.

ಅಂಗಡಿಯಲ್ಲೇ ನೋಡಬೇಕಾದ್ದು

ಫೋನ್ ತಿರುಗಿಸಿ ಹಿಂಭಾಗ ನೋಡಿ. ಲ್ಯಾನ್ ಮತ್ತು ಪಿಸಿ ಅಂತ ಎರಡು ಅಗಲದ ಜ್ಯಾಕ್ ಇದ್ದರೆ ಅದು ಸಾಮಾನ್ಯವಾಗಿ ನೆಟ್‌ವರ್ಕ್ ಕೇಬಲ್ ಮೇಲೆ ಓಡುವ ಐಪಿ ಫೋನ್. ಲೈನ್ ಅಂತ ಒಂದೇ ಜ್ಯಾಕ್ ಇದ್ದರೆ ಡಿಜಿಟಲ್ ಅಥವಾ ಅನಲಾಗ್ ಫೋನ್. ಇದರಲ್ಲಿ ಮೋಸ ಹೋಗುವುದು ಬಹಳ ಸುಲಭ, ಯಾಕೆಂದರೆ ಅವಾಯಾ 9608 ಐಪಿ ಫೋನ್, 9504 ಡಿಜಿಟಲ್ ಫೋನ್, ಆದರೆ ಮುಂದಿನಿಂದ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. 1608 ಮತ್ತು 1408 ಕಥೆಯೂ ಇದೇ. ಡಿಜಿಟಲ್ ಫೋನ್ ಅದರದ್ದೇ ಇಪಿಎಬಿಎಕ್ಸ್ (ಆಫೀಸಿನ ಒಳಗಿನ ಎಕ್ಸ್‌ಚೇಂಜ್) ಬಿಟ್ಟು ಬೇರೆ ಎಲ್ಲೂ ಕೆಲಸ ಮಾಡುವುದಿಲ್ಲ. ಪುಕ್ಕಟೆ ಕೊಟ್ಟರೂ ಬೇಡ.

ಸಾಧ್ಯವಾದರೆ ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡುವ ಒಂದು ಪಿಓಇ ಇಂಜೆಕ್ಟರ್ ಜೊತೆಗೆ ಒಯ್ಯಿರಿ. ಇಂಟರ್ನೆಟ್ ಕೊಡದೆ ಬರೀ ಪವರ್ ಕೊಟ್ಟು ಆನ್ ಮಾಡಿ. ಪರದೆಯಲ್ಲಿ ಗೆರೆ ಬಿದ್ದಿದೆಯಾ, ರಿಸೀವರ್ ಎತ್ತಿದಾಗ ಫೋನಿಗೆ ಗೊತ್ತಾಗುತ್ತದಾ, 1ರಿಂದ 0ವರೆಗೆ ಎಲ್ಲ ಬಟನ್ ಒತ್ತಿದರೆ ಅಂಕಿ ಬರುತ್ತದಾ ನೋಡಿ. ಆಮೇಲೆ ಸ್ಟೇಟಸ್ ಮೆನುಗೆ ಹೋಗಿ ಮಾಡೆಲ್, ಫರ್ಮ್‌ವೇರ್, ಮ್ಯಾಕ್ ವಿಳಾಸದ ಫೋಟೋ ತೆಗೆದುಕೊಳ್ಳಿ. ಪರದೆಯ ಮೇಲೆ ಯಾವುದೋ ಫೋನ್ ಕಂಪನಿಯ ಲೋಗೋ ಬಂದರೆ ಲಾಕ್ ಇದೆ ಅಂತಲೇ ತಿಳಿದುಕೊಳ್ಳಿ. ಲಾಟ್ ತೆಗೆದುಕೊಳ್ಳುವ ಮೊದಲು ಒಂದೇ ಒಂದು ಫೋನ್ ಕೊಂಡು ಮನೆಯಲ್ಲಿ ಪೂರ್ತಿ ಪರೀಕ್ಷೆ ಮಾಡಿ. ಒಂದೇ ಆಫೀಸಿನಿಂದ ಬಂದ ಲಾಟ್ ಆದರೆ ಎಲ್ಲದರ ಲಾಕ್ ಸಾಮಾನ್ಯವಾಗಿ ಒಂದೇ ಥರ ಇರುತ್ತದೆ.

ಯಿಯಾಲಿಂಕ್

ಎಲ್ಲಕ್ಕಿಂತ ಮೊದಲು ನಾನು ಹುಡುಕುವುದು ಇದನ್ನೇ. ಟಿ41ಪಿ, ಟಿ42ಜಿ, ಟಿ46ಜಿ ಇವೆಲ್ಲ ಹುಟ್ಟಿನಿಂದಲೇ ಎಸ್‌ಐಪಿ ಫೋನ್‌ಗಳು, ಭಾಷೆಯ ಲಾಕ್ ಅನ್ನುವ ಪ್ರಶ್ನೆಯೇ ಇಲ್ಲ. ಓಕೆ ಬಟನ್ ಸುಮಾರು ಹತ್ತು ಸೆಕೆಂಡ್ ಒತ್ತಿ ಹಿಡಿದರೆ ರೀಸೆಟ್ ಕೇಳುತ್ತದೆ. ಸೇವೆಯ ಕಂಪನಿಯವರು ಇದನ್ನೂ ಮುಚ್ಚಿಟ್ಟಿದ್ದರೆ ಹಲವು ಮಾಡೆಲ್‌ಗಳಲ್ಲಿ ಇನ್ನೊಂದು ದಾರಿ ಇದೆ: ಸ್ಪೀಕರ್ ಬಟನ್ ಒತ್ತಿ ಹಿಡಿದು ಪವರ್ ಕೊಟ್ಟರೆ ರಿಕವರಿ ಮೋಡ್‌ಗೆ ಹೋಗುತ್ತದೆ, ಅಲ್ಲಿಂದ ಫೈಲ್ ಕಳಿಸುವ ಟಿಎಫ್‌ಟಿಪಿ ಸರ್ವರ್ ಮೂಲಕ ಫರ್ಮ್‌ವೇರ್ ಹೊಸದಾಗಿ ತುಂಬಬಹುದು.

ತೊಂದರೆ ಇರುವುದು ಆರ್‌ಪಿಎಸ್‌ನಲ್ಲಿ. ಹಳೇ ಕಂಪನಿಯವರು ಮ್ಯಾಕ್ ವಿಳಾಸವನ್ನು ಬಿಟ್ಟುಕೊಟ್ಟಿದ್ದರೆ ಸರಿ. ಇಲ್ಲದಿದ್ದರೆ ಅವರಿಗೆ ಬರೆದು, ಬಿಲ್ ತೋರಿಸಿ, ಬಿಡಿಸಿಕೊಳ್ಳುವುದೇ ನೇರವಾದ ದಾರಿ. ಅದು ಆಗುವ ತನಕ ಏನು ಮಾಡಬಹುದು ಅಂದರೆ, ಫೋನ್‌ಗಳನ್ನೆಲ್ಲ ಪ್ರತ್ಯೇಕ ವಿಲ್ಯಾನ್‌ಗೆ (ಅದೇ ಸ್ವಿಚ್‌ನಲ್ಲಿ ಬೇರೆ ಮಾಡಿದ ಒಳ ನೆಟ್‌ವರ್ಕ್) ಹಾಕಿ ಆ ವಿಲ್ಯಾನ್‌ಗೆ ಇಂಟರ್ನೆಟ್ಟನ್ನೇ ಕೊಡಬೇಡಿ. ಫೋನ್‌ಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ಆಪ್ಷನ್ 66 ಹಾಕಿ ನಿಮ್ಮ ಸರ್ವರ್ ವಿಳಾಸ ಕೊಡಿ. ಫೋನ್ ಎಳೆದುಕೊಳ್ಳುವ ಕಾನ್ಫಿಗ್ (ಸೆಟ್ಟಿಂಗ್) ಫೈಲ್‌ನಲ್ಲಿ, ತಯಾರಕರಿಂದ ತಾನಾಗಿ ಸೆಟ್ಟಿಂಗ್ ತರುವ ಝೀರೋ ಟಚ್ ಆಫ್ ಮಾಡಿ. ಎಕ್ಸ್‌ಟೆನ್ಶನ್‌ಗಳಿಗೆ ಹೊರಗಿನ ಇಂಟರ್ನೆಟ್ ಬೇಕಾಗುವುದೇ ಇಲ್ಲ, ಅವುಗಳಿಗೆ ಬೇಕಾದ್ದು ಆಸ್ಟರಿಸ್ಕ್ ಪೆಟ್ಟಿಗೆ ಮಾತ್ರ. ಸಮಯ ತೋರಿಸಲು ಎನ್‌ಟಿಪಿ ಬೇಕಾದರೆ ಅದನ್ನೂ ಆ ಪೆಟ್ಟಿಗೆಯಿಂದಲೇ ಕೊಡಿ. ಹೀಗೆ ಮಾಡಿದ ಕಡೆ ಒಂದು ಎಚ್ಚರ ಇರಲಿ: ಯಾರಾದರೂ ಆ ಫೋನನ್ನು ರೀಸೆಟ್ ಮಾಡಿ ಮಾಮೂಲಿ ವೈಫೈ ರೂಟರ್‌ಗೆ ಚುಚ್ಚಿದರೆ ಅದು ಮತ್ತೆ ಹಳೇ ಮನೆಗೆ ಓಡುತ್ತದೆ.

ಅಡಾಪ್ಟರ್ 5 ವೋಲ್ಟ್‌ನದ್ದು. ಸುಲಭವಾಗಿ ಸಿಗುತ್ತದೆ. ಆದರೆ ಟಿ21ಗೆ 0.6 ಆಂಪಿಯರ್ ಸಾಕು, ಟಿ46ಗೆ 2 ಆಂಪಿಯರ್ ಬೇಕು, ಅದಲುಬದಲು ಮಾಡಬೇಡಿ.

ಪಾಲಿಕಾಮ್

ವಿವಿಎಕ್ಸ್ 300, 310, 400, 410 ಇವು ಗಟ್ಟಿ ಮಾಲು. ಧ್ವನಿ ವಿಷಯದಲ್ಲಿ ನನ್ನ ಪ್ರಕಾರ ಈ ಸಾಲಿನಲ್ಲಿ ಇದನ್ನು ಮೀರಿಸುವುದು ಕಷ್ಟ. ಗಿರಣಿ ಆಫೀಸಿನಂಥ ಗದ್ದಲದ ಜಾಗದಲ್ಲಿ ಸ್ಪೀಕರ್ ಹಾಕಿ ಮಾತಾಡಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. 310 ಮತ್ತು 410ಕ್ಕೆ ಗಿಗಾಬಿಟ್ ಜ್ಯಾಕ್ ಇದೆ, 300 ಮತ್ತು 400ಕ್ಕೆ ಇಲ್ಲ. ಫೋನ್ ಮೂಲಕವೇ ಕಂಪ್ಯೂಟರ್‌ಗೆ ನೆಟ್‌ವರ್ಕ್ ಕೊಡುವುದಾದರೆ ಮಾತ್ರ ಇದು ಮುಖ್ಯ. ಒಂದು ಕರೆಗೆ ಬೇಕಾದ್ದು ಜಿ.711 ಅನ್ನುವ ಮಾಮೂಲಿ ಧ್ವನಿ ಪದ್ಧತಿಯಲ್ಲಿ ಸೆಕೆಂಡಿಗೆ ಸುಮಾರು 87 ಕಿಲೋಬಿಟ್ ಅಷ್ಟೇ.

ಡೀಫಾಲ್ಟ್ ಅಡ್ಮಿನ್ ಪಾಸ್‌ವರ್ಡ್ 456. ಅದು ನಡೆಯದಿದ್ದರೆ ಫೋನ್ ಆನ್ ಆಗುವಾಗ ಬರುವ ಕೌಂಟ್‌ಡೌನ್‌ನಲ್ಲಿ ಕ್ಯಾನ್ಸಲ್ ಒತ್ತಿ, 1, 3, 5 ಮೂರನ್ನೂ ಒಟ್ಟಿಗೆ ಹಿಡಿಯಿರಿ. ಪಾಸ್‌ವರ್ಡ್ ಕೇಳಿದಾಗ ಹಿಂದಿನ ಸ್ಟಿಕ್ಕರ್‌ನಲ್ಲಿರುವ ಮ್ಯಾಕ್ ವಿಳಾಸವನ್ನು ಚುಕ್ಕಿ ಗಿಕ್ಕಿ ಇಲ್ಲದೆ, ಸಣ್ಣ ಅಕ್ಷರದಲ್ಲಿ ಹೊಡೆಯಿರಿ. ಸ್ಟಿಕ್ಕರ್ ಕಿತ್ತುಹೋಗಿರುವ ಫೋನ್ ಕೊಳ್ಳಬಾರದು ಅನ್ನುವುದು ಇದಕ್ಕೇ. ರೀಸೆಟ್ ಆದ ಮೇಲೆ ಝಡ್‌ಟಿಪಿ ಆಫ್ ಮಾಡುವುದನ್ನು ಮರೆಯಬೇಡಿ, ಇಂಟರ್ನೆಟ್ ಕೊಡುವ ಮೊದಲೇ ಮಾಡಿ. ಸ್ಕೈಪ್ ಫಾರ್ ಬಿಸಿನೆಸ್ ಬಳಸುತ್ತಿದ್ದ ಆಫೀಸಿನಿಂದ ಬಂದದ್ದಾದರೆ ಬೇಸ್ ಪ್ರೊಫೈಲ್ ಅನ್ನುವುದನ್ನು ಜೆನೆರಿಕ್‌ಗೆ ಬದಲಾಯಿಸಬೇಕು, ಇಲ್ಲದಿದ್ದರೆ ಎಸ್‌ಐಪಿ ಸೆಟ್ಟಿಂಗ್ ಎಷ್ಟು ಹಾಕಿದರೂ ಸರಿಹೋಗುವುದಿಲ್ಲ.

ಹೊಸ ಸರಣಿಯ ವಿವಿಎಕ್ಸ್ 250, 350, 450ರಲ್ಲಿ ಓಬಿ ಎಡಿಷನ್ ಅಂತ ಒಂದಿದೆ. ಹೊರಗಡೆ ನೋಡಲು ಅದೇ ಫೋನ್, ಒಳಗಿನ ಸಾಫ್ಟ್‌ವೇರ್ ಬೇರೆ. ಲೇಬಲ್ ಓದಿ. ಮಾಮೂಲಿ ಪಾಲಿಕಾಮ್ ಕಾನ್ಫಿಗ್ ಫೈಲ್‌ಗಳು ಅದಕ್ಕೆ ಹೊಂದುವುದಿಲ್ಲ.

ಸೆಟ್ಟಿಂಗ್ ಮಾಡುವ ವಿಧಾನ ಯಿಯಾಲಿಂಕ್‌ಗಿಂತ ಸ್ವಲ್ಪ ತಲೆನೋವು. ಎಕ್ಸ್‌ಎಂಎಲ್ ಫೈಲ್ ಬರೆಯುವ ಅಭ್ಯಾಸ ಇದ್ದವರಿಗೆ ಪರವಾಗಿಲ್ಲ. ನಾಲ್ಕು ಫೋನ್ ಅಷ್ಟೇ ಅಂದರೆ ವೆಬ್ ಪುಟದಲ್ಲೇ ತುಂಬಿಬಿಡಬಹುದು.

ಸಿಸ್ಕೋ

ರಾಶಿಯಲ್ಲಿ ಜಾಸ್ತಿ ಕಾಣುವುದು ಇದೇ, ಅಗ್ಗವಾಗಿ ಸಿಗುವುದೂ ಇದೇ. ಅಗ್ಗಕ್ಕೆ ಕಾರಣ ಇದೆ.

7841, 8841 ಇಂಥ ಫೋನ್‌ಗಳಲ್ಲಿ ಎರಡು ಜಾತಿ. ಒಂದು ಎಂಟರ್‌ಪ್ರೈಸ್, ಅದು ಸಿಸ್ಕೋದ ಸ್ವಂತ ಸರ್ವರ್ ಆದ ಕಾಲ್ ಮ್ಯಾನೇಜರ್‌ಗೆ ಮಾಡಿದ್ದು. ಇನ್ನೊಂದು ಮಲ್ಟಿಪ್ಲಾಟ್‌ಫಾರ್ಮ್, ಅದು ಯಾವುದೇ ಎಸ್‌ಐಪಿ ಸರ್ವರ್‌ಗೂ ಹೊಂದುತ್ತದೆ. ಪಾರ್ಟ್ ನಂಬರ್‌ನಲ್ಲಿ 3ಪಿಸಿಸಿ ಅಂತ ಇದ್ದರೆ ಎರಡನೆಯದು, ಕಣ್ಣುಮುಚ್ಚಿ ತೆಗೆದುಕೊಳ್ಳಿ. ಬರೀ ಸಿಪಿ-8841-ಕೆ9 ಅಂತ ಇದ್ದರೆ ಎಂಟರ್‌ಪ್ರೈಸ್. ಅದನ್ನು ಮಲ್ಟಿಪ್ಲಾಟ್‌ಫಾರ್ಮ್ ಮಾಡಲು ಸಿಸ್ಕೋದಿಂದ ಮೈಗ್ರೇಷನ್ ಲೈಸೆನ್ಸ್ ಬೇಕು. ಎಂಟರ್‌ಪ್ರೈಸ್ ಫೋನನ್ನೇ ಆಸ್ಟರಿಸ್ಕ್‌ಗೆ ಒಗ್ಗಿಸಲು ಪ್ಯಾಚ್‌ಗಳಿವೆ (ಆಸ್ಟರಿಸ್ಕ್ ಕೋಡ್‌ಗೆ ಹಾಕುವ ತಿದ್ದುಪಡಿ), ಕೆಲಸವೂ ಮಾಡುತ್ತವೆ. ಆದರೆ ಪ್ರತಿ ಸಲ ಆಸ್ಟರಿಸ್ಕ್ ಅಪ್‌ಡೇಟ್ ಮಾಡುವಾಗ ಪ್ಯಾಚ್ ಹಾಕಿ ಕಂಪೈಲ್ ಮಾಡುವವರು ಯಾರು? ನೀವೇ ಆದರೆ ಸರಿ. ನರ್ಸಿಂಗ್ ಹೋಮ್‌ಗೆ ಹಾಕಿಕೊಟ್ಟು ಬರುವುದಾದರೆ ದಯವಿಟ್ಟು ಬೇಡ.

ಹಳೇ 7941, 7961, 7942, 7962 ಮಾಡೆಲ್‌ಗಳಿಗೆ ಎಸ್‌ಐಪಿ ಫರ್ಮ್‌ವೇರ್ ಇದೆ. ರೀಸೆಟ್ ಮಾಡುವ ರೀತಿ ಹೀಗೆ: ಹ್ಯಾಶ್ ಬಟನ್ ಒತ್ತಿ ಹಿಡಿದು ಪವರ್ ಕೊಡಿ, ಲೈನ್ ಬಟನ್‌ಗಳ ಕಿತ್ತಳೆ ದೀಪಗಳು ಒಂದಾದ ಮೇಲೊಂದು ಮಿನುಗಲು ಶುರುವಾದಾಗ ಬಿಟ್ಟು, 123456789*0# ಅಂತ ಸಾಲಾಗಿ ಒತ್ತಿ. ಆದರೆ ಇದಕ್ಕೆ ಮೊದಲೇ ಟಿಎಫ್‌ಟಿಪಿ ಸರ್ವರ್‌ನಲ್ಲಿ ಫರ್ಮ್‌ವೇರ್ ಫೈಲ್‌ಗಳು ರೆಡಿ ಇರಲಿ, ಡಿಎಚ್‌ಸಿಪಿಯಲ್ಲಿ ಆಪ್ಷನ್ 150 ಹಾಕಿರಲಿ. ಇಲ್ಲದಿದ್ದರೆ ಫೋನ್ "ಅಪ್‌ಗ್ರೇಡಿಂಗ್" ಅಂತ ತೋರಿಸಿಕೊಂಡು ಅಲ್ಲೇ ಕೂತುಬಿಡುತ್ತದೆ. ಆ ಫೈಲ್‌ಗಳನ್ನು ಇಳಿಸಿಕೊಳ್ಳಲು ಸಿಸ್ಕೋ ಖಾತೆ, ಸಾಮಾನ್ಯವಾಗಿ ಸರ್ವೀಸ್ ಕಾಂಟ್ರ್ಯಾಕ್ಟ್ ಕೂಡ ಬೇಕು. ಅದು ಸಿಗದವರು ಗೊತ್ತಿಲ್ಲದ ಜಾಗದಿಂದ ಇಳಿಸಿದ ಫೈಲ್ ಹಾಕುತ್ತಾರೆ, ಅದು ನನಗೆ ಇಷ್ಟವಿಲ್ಲ. ಎಲ್ಲರ ಮಾತು ಹಾದುಹೋಗುವ ಯಂತ್ರ ಅದು.

ಇನ್ನೂ ಹಳೆಯ 7940, 7960 ಬೇಡವೇ ಬೇಡ. ಅವು ಪಿಓಇ ನಿಯಮ ಬರುವ ಮೊದಲಿನ ಸಿಸ್ಕೋದ ಸ್ವಂತ ಪವರ್ ಪದ್ಧತಿಯವು, ಈಗಿನ ಮಾಮೂಲಿ 802.3ಎಎಫ್ ಪಿಓಇ ಸ್ವಿಚ್‌ಗೆ ಚುಚ್ಚಿದರೆ ಆನ್ ಆಗುವುದಿಲ್ಲ. 48 ವೋಲ್ಟ್ ಅಡಾಪ್ಟರ್ ಬೇರೆ ಹುಡುಕಬೇಕು. ಎಸ್‌ಸಿಸಿಪಿಯಲ್ಲೇ ಓಡಿಸೋಣ ಅಂದರೆ ಆಸ್ಟರಿಸ್ಕ್ 21ರಿಂದ ಆಚೆಗೆ ಅದರ ಡ್ರೈವರ್ ತೆಗೆದಿದ್ದಾರೆ, ಹೊರಗಿನವರು ಬರೆದ ಡ್ರೈವರ್ ಹಾಕಿಕೊಳ್ಳಬೇಕು. ಇಷ್ಟೆಲ್ಲ ಪಾಡು ಯಾಕೆ?

ಸಿಸ್ಕೋ ಎಸ್‌ಪಿಎ ಸರಣಿ ಮಾತ್ರ ಬೇರೆ. ಎಸ್‌ಪಿಎ 303, 504ಜಿ ಇವು ಅಪ್ಪಟ ಎಸ್‌ಐಪಿ ಫೋನ್‌ಗಳು. ಮೆನುವಿನಲ್ಲೇ ಫ್ಯಾಕ್ಟರಿ ರೀಸೆಟ್ ಇದೆ. ಹಳೆಯವು, ಆದರೆ ಇಂಟರ್‌ಕಾಮ್ ಕೆಲಸಕ್ಕೆ ಇಂದಿಗೂ ಅಡ್ಡಿಯಿಲ್ಲ.

ಅವಾಯಾ, ಗ್ರ್ಯಾಂಡ್‌ಸ್ಟ್ರೀಮ್

ಅವಾಯಾ 9608, 9611ಜಿ ಎಚ್.323ರಿಂದ ಎಸ್‌ಐಪಿಗೆ ಬದಲಾಗುತ್ತವೆ. ಮ್ಯೂಟ್ ಒತ್ತಿ 27238# ಹೊಡೆದರೆ ಒಳಗಿನ ಮೆನು ಬರುತ್ತದೆ, ಪಾಸ್‌ವರ್ಡ್ ಬದಲಾಯಿಸಿರದಿದ್ದರೆ. ಒಂದು ಎಚ್‌ಟಿಟಿಪಿ ಸರ್ವರ್‌ನಲ್ಲಿ ಫರ್ಮ್‌ವೇರ್ ಮತ್ತು 46ಎಕ್ಸ್‌ಎಕ್ಸ್ ಸೆಟ್ಟಿಂಗ್ಸ್ ಫೈಲ್ ಇಡಬೇಕು. ಕರೆ ಬರುತ್ತದೆ, ಹೋಗುತ್ತದೆ. ಆದರೆ ಯಾರು ಮಾತಾಡುತ್ತಿದ್ದಾರೆ ಅಂತ ದೀಪ ತೋರಿಸುವಂಥ ಸೌಲಭ್ಯಗಳು ಅವಾಯಾದ ಸ್ವಂತ ಸರ್ವರ್ ನಂಬಿಕೊಂಡಿವೆ. ರಿಸೆಪ್ಷನ್ ಮೇಜಿಗೆ ಇದು ಸಾಲದು, ಸ್ಟೋರ್ ರೂಮಿಗೆ ಸಾಕು. ಅಡಾಪ್ಟರ್‌ಗೆ ತೂತೇ ಇಲ್ಲ, ಪಿಓಇ ಕಡ್ಡಾಯ.

ಗ್ರ್ಯಾಂಡ್‌ಸ್ಟ್ರೀಮ್ ಜಿಎಕ್ಸ್‌ಪಿ ಫೋನ್‌ಗಳನ್ನು ಹೊಸದಾಗಿಯೇ ಕೊಳ್ಳುವುದು ಒಳ್ಳೆಯದು. ಹೊಸದರ ಬೆಲೆಯೇ ಕಡಿಮೆ, ವಾರಂಟಿ ಇರುತ್ತದೆ. ಲಾಕ್ ಆದ ಹಳೆಯದಕ್ಕೆ ಕೊಡುವ ದುಡ್ಡು, ಬಿಡಿಸುವ ಸಮಯ ಎರಡನ್ನೂ ಕೂಡಿಸಿ ನೋಡಿದರೆ ಉಳಿತಾಯ ಏನೂ ಇಲ್ಲ.

ಐಪಿ ಫೋನೇ ಬೇಕಾ?

ತುಮಕೂರಿನ ಮಂಡಿಪೇಟೆಯ ಹಳೇ ಕಟ್ಟಡಗಳಲ್ಲಿ ಇಂಟರ್‌ಕಾಮ್‌ಗೆ ಎಳೆದಿರುವುದು ಎರಡೆಳೆ ಅಥವಾ ನಾಲ್ಕೆಳೆಯ ತೆಳು ವೈರ್. ಅದರಲ್ಲಿ ಐಪಿ ಫೋನ್ ಓಡುವುದಿಲ್ಲ. ಗೋಡೆ ಒಡೆದು ಕ್ಯಾಟ್ 6 ಎಳೆಯಬೇಕು. ಇಂಥ ಕಡೆ ಅದೇ ವೈರ್, ಅದೇ ಮಾಮೂಲಿ ಬೀಟೆಲ್ ಫೋನ್‌ಗಳನ್ನು ಇಟ್ಟುಕೊಂಡು, ಸರ್ವರ್ ಪಕ್ಕ ಅವನ್ನು ಸರ್ವರ್‌ಗೆ ಸೇರಿಸುವ ಒಂದು ಎಫ್‌ಎಕ್ಸ್‌ಎಸ್ ಗೇಟ್‌ವೇ ಪೆಟ್ಟಿಗೆ ಕೂರಿಸಿ. ಎಂಟು ಫೋನ್‌ಗೆ ಗ್ರ್ಯಾಂಡ್‌ಸ್ಟ್ರೀಮ್ ಜಿಎಕ್ಸ್‌ಡಬ್ಲ್ಯೂ4008, ಒಂದೆರಡು ಫೋನ್‌ಗೆ ಎಚ್‌ಟಿ801 ಅಥವಾ 802. ಸೆಕೆಂಡ್ ಹ್ಯಾಂಡ್ ಗೇಟ್‌ವೇಗಳಿಗೂ ಲಾಕ್ ಇರುತ್ತದೆ, ಅದಕ್ಕೇ ಇದನ್ನು ಹೊಸದೇ ತಗೊಳ್ಳಿ. ಧೂಳು ತುಂಬುವ ಗೋಡೌನ್‌ಗೆ ಕೂಡ ನಾನು ಹೇಳುವುದು ಬೀಟೆಲ್ ಫೋನನ್ನೇ. ಕೆಟ್ಟರೆ ಅಶೋಕ ರಸ್ತೆಯಲ್ಲಿ ಇನ್ನೊಂದು ತಂದು ಚುಚ್ಚಿದರೆ ಆಯಿತು, ಯಾವ ಕಾನ್ಫಿಗ್ ಫೈಲೂ ಬೇಡ.

ಹೊಸ ಕಟ್ಟಡ, ನೆಟ್‌ವರ್ಕ್ ಕೇಬಲ್ ಇದೆ ಅಂದರೆ ಐಪಿ ಫೋನ್ ಮತ್ತು ಪಿಓಇ ಸ್ವಿಚ್ ಜೋಡಿಯೇ ಸರಿ. ಬೆಸ್ಕಾಂ ಕರೆಂಟ್ ಹೋದಾಗ ಇದರ ಬೆಲೆ ಗೊತ್ತಾಗುತ್ತದೆ. ಒಂದೊಂದು ಫೋನ್ ಎಳೆಯುವುದು ಕೆಲವೇ ವ್ಯಾಟ್. ಸ್ವಿಚ್, ಸರ್ವರ್, ಫೈಬರ್ ಪೆಟ್ಟಿಗೆ ಮೂರನ್ನೂ ಒಂದೇ ಯುಪಿಎಸ್‌ಗೆ ಹಾಕಿದರೆ ಎಲ್ಲ ಮೇಜಿನ ಫೋನೂ ಬದುಕಿರುತ್ತದೆ. ಪ್ರತಿ ಫೋನಿಗೆ ಅಡಾಪ್ಟರ್ ಹಾಕಿದ ಕಡೆ ಇದು ಆಗುವುದಿಲ್ಲ.

ಸರ್ವರ್ ಯಾವುದು ಅನ್ನುವುದೂ ಫೋನ್ ಮೇಲೆ ನಿಂತಿದೆ

ಫ್ರೀಪಿಬಿಎಕ್ಸ್ 17 ಬಂದದ್ದು 2024ರಲ್ಲಿ, ಡೆಬಿಯನ್ 12 ಲಿನಕ್ಸ್ ಮೇಲೆ ಓಡುತ್ತದೆ. ಕಲಿಯಲು ಸುಲಭ. ಆದರೆ ಅದರಲ್ಲಿ ಫೋನ್‌ಗಳಿಗೆ ತಾನಾಗಿ ಸೆಟ್ಟಿಂಗ್ ಕಳಿಸುವ ಎಂಡ್‌ಪಾಯಿಂಟ್ ಮ್ಯಾನೇಜರ್‌ಗೆ ಅದನ್ನು ನಡೆಸುವ ಸ್ಯಾಂಗೋಮಾ ಕಂಪನಿಯದ್ದು ಬಿಟ್ಟು ಬೇರೆ ಫೋನ್ ಇದ್ದರೆ ದುಡ್ಡು ಕೊಡಬೇಕು. ಇದೇ ಥರದ ಇನ್ನೊಂದು ಸಾಫ್ಟ್‌ವೇರ್ ಫ್ಯೂಷನ್‌ಪಿಬಿಎಕ್ಸ್‌ನಲ್ಲಿ ಯಿಯಾಲಿಂಕ್, ಪಾಲಿಕಾಮ್, ಗ್ರ್ಯಾಂಡ್‌ಸ್ಟ್ರೀಮ್‌ಗೆ ಟೆಂಪ್ಲೇಟ್‌ಗಳು ಜೊತೆಗೇ ಬರುತ್ತವೆ. ಅದು ಆಸ್ಟರಿಸ್ಕ್ ಬದಲು ಫ್ರೀಸ್ವಿಚ್ ಮೇಲೆ ನಿಂತದ್ದು. ನಾಲ್ಕೈದು ಫೋನ್ ಇದ್ದರೆ ಫ್ರೀಪಿಬಿಎಕ್ಸ್ ಹಾಕಿ ಫೋನಿನ ವೆಬ್ ಪುಟದಲ್ಲಿ ಕೈಯಾರೆ ತುಂಬಿ. ಇಪ್ಪತ್ತು, ಮೂವತ್ತು ಫೋನ್, ಅದೂ ಬೇರೆ ಬೇರೆ ಬ್ರ್ಯಾಂಡ್ ಅಂದರೆ ಫ್ಯೂಷನ್ ಕಲಿಯುವ ಕಷ್ಟಕ್ಕೆ ಬೆಲೆ ಇದೆ.

ಹಳೇ ಫೋನ್‌ಗಳಲ್ಲಿ ಇನ್ನೊಂದು ತೊಡಕು. ಕೆಲವಕ್ಕೆ ಹಳೇ ಟಿಎಲ್‌ಎಸ್ (ಮಾಹಿತಿ ಗುಟ್ಟಾಗಿ ಕಳಿಸುವ ಪದ್ಧತಿ) ಮಾತ್ರ ಗೊತ್ತು, ಹೊಸ ಡೆಬಿಯನ್ ಅದನ್ನು ಒಪ್ಪುವುದಿಲ್ಲ. ಎಚ್‌ಟಿಟಿಪಿಎಸ್‌ನಲ್ಲಿ ಕಾನ್ಫಿಗ್ ಎಳೆಯುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಇದನ್ನು ನೋಡಿ. ಒಳಗಿನ ವಿಲ್ಯಾನ್‌ನಲ್ಲಿ ಮಾತ್ರ ಇದ್ದರೆ ಎಚ್‌ಟಿಟಿಪಿ ಸಾಕು, ಹೊರಗೆ ತೆರೆಯುವುದಾದರೆ ಸಾಲದು.

ಹೊರಗಿನ ಲೈನ್

ತುಮಕೂರಿನ 0816 ನಂಬರ್ ವರ್ಷಗಳಿಂದ ಬೋರ್ಡಿನ ಮೇಲೆ ಬರೆಸಿಟ್ಟವರು ಅದನ್ನು ಬಿಡಲು ಒಪ್ಪುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಬಿಎಸ್ಎನ್ಎಲ್ ಲೈನಾಗಲಿ, ಫೈಬರ್ ಪೆಟ್ಟಿಗೆಯ ಫೋನ್ ಜ್ಯಾಕಾಗಲಿ, ಎಚ್‌ಟಿ813ರಂಥ ಎಫ್‌ಎಕ್ಸ್‌ಓ ಜ್ಯಾಕ್ (ಹೊರಗಿನ ಲೈನ್ ಚುಚ್ಚುವ ಜ್ಯಾಕ್) ಇರುವ ಪೆಟ್ಟಿಗೆ ಮೂಲಕ ಸರ್ವರ್‌ಗೆ ಸೇರಿಸಬಹುದು. ಅದರಲ್ಲಿ ಬಿಝಿ ಟೋನನ್ನು ಭಾರತದ್ದಕ್ಕೆ ಹೊಂದಿಸಿ: 400 ಹರ್ಟ್ಸ್, 0.75 ಸೆಕೆಂಡ್ ಸದ್ದು, 0.75 ಸೆಕೆಂಡ್ ಮೌನ. ಅಮೆರಿಕದ ಸೆಟ್ಟಿಂಗ್ ಹಾಗೇ ಬಿಟ್ಟರೆ ಆ ಕಡೆಯವರು ಫೋನ್ ಇಟ್ಟದ್ದು ಪೆಟ್ಟಿಗೆಗೆ ಗೊತ್ತಾಗದೆ ಲೈನ್ ಹಿಡಿದುಕೊಂಡೇ ಇರುವ ಸಾಧ್ಯತೆ ಇದೆ, ಮುಂದಿನವರಿಗೆ ಎಂಗೇಜ್ ಬರುತ್ತದೆ.

ಒಟ್ಟಿಗೆ ಜಾಸ್ತಿ ಕರೆ ಬೇಕಾದರೆ ಎಸ್‌ಐಪಿ ಟ್ರಂಕ್, ಅಂದರೆ ನೆಟ್‌ವರ್ಕ್ ಮೂಲಕ ಬರುವ ಹೊರಗಿನ ಲೈನ್‌ಗಳು. ಅದನ್ನು ಲೈಸೆನ್ಸ್ ಇರುವ ಟೆಲಿಕಾಂ ಕಂಪನಿಯಿಂದಲೇ ತೆಗೆದುಕೊಳ್ಳಿ. ಸಿಮ್ ಬಾಕ್ಸ್ (ಹಲವು ಸಿಮ್ ಹಾಕುವ ಪೆಟ್ಟಿಗೆ) ಇಟ್ಟು ಹೊರದೇಶದ ಕರೆ ಇಳಿಸುವುದು ಅಪರಾಧ, ಅಂಥ ಮಾತಾಡುವವರ ಸಹವಾಸವೇ ಬೇಡ.

ವಸಂತನರಸಾಪುರದಲ್ಲಿ ಫ್ಯಾಕ್ಟರಿ, ಊರೊಳಗೆ ಆಫೀಸ್ ಇದ್ದವರು ಎರಡೂ ಕಡೆ ಎಕ್ಸ್‌ಟೆನ್ಶನ್ ಕೇಳುತ್ತಾರೆ. ಆಗ ರೂಟರ್‌ನಲ್ಲಿ ಎಸ್‌ಐಪಿಯ 5060 ಪೋರ್ಟ್ ತೆರೆದಿಡುವ ಸುಲಭದ ದಾರಿ ಹಿಡಿಯಬೇಡಿ. ತೆರೆದ ಎಸ್‌ಐಪಿ ಪೋರ್ಟ್ ಹುಡುಕುತ್ತಲೇ ಇರುವ ಯಂತ್ರಗಳು ಇಂಟರ್ನೆಟ್ ತುಂಬ ಇವೆ. ಪಾಸ್‌ವರ್ಡ್ ಸಡಿಲ ಇದ್ದರೆ ರಾತ್ರೋರಾತ್ರಿ ನಿಮ್ಮ ಲೈನಿಂದ ಹೊರದೇಶಕ್ಕೆ ಕರೆ ಹೋಗಿ ಬಿಲ್ ನಿಮ್ಮ ತಲೆಗೆ ಬರುತ್ತದೆ. ಎರಡೂ ಕಡೆಯ ರೂಟರ್ ನಡುವೆ ವೈರ್‌ಗಾರ್ಡ್ ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ಸುರಂಗ) ಹಾಕಿ. ಒಂದೇ ಒಂದು ಫೋನ್ ದೂರದಲ್ಲಿದೆ ಅಂದರೆ ಯಿಯಾಲಿಂಕ್‌ನಲ್ಲಿ ಓಪನ್‌ವಿಪಿಎನ್ ಫೋನ್ ಒಳಗೇ ಇದೆ, ಅದನ್ನೇ ಬಳಸಿ. ಐಎಸ್‌ಡಿ ಬೇಡದವರಿಗೆ ಟ್ರಂಕ್ ಕೊಟ್ಟವರ ಕಡೆಯಿಂದಲೇ ಅದನ್ನು ಮುಚ್ಚಿಸಿ, ಸರ್ವರ್‌ನಲ್ಲಿ ಹೊರಹೋಗುವ ರೂಟ್‌ಗಳಿಂದಲೂ 00 ತೆಗೆದುಬಿಡಿ.